ಕೆಂಪು ದಾರದ ಗಂಟು

ಓಣಿಯವರು ಹೊಲಿಗೆಯಮ್ಮ ಎಂದು ಕರೆಯುವ ಆಕೆ ತನ್ನ ನೆರಳನ್ನೂ ನಂಬುವವಳಲ್ಲ. ಅಂಥವಳು ಸೊಸೆಯನ್ನು ನಂಬುತ್ತಾಳೆಯೇ? ದರ್ಜಿ ಅಂಗಡಿಯಿಂದ ಬಂದ ಬಟ್ಟೆಗಳ ಅಂಚು ಮಡಚಿ ಕೈಯಲ್ಲಿ ಹೊಲಿಯುತ್ತ ನಲವತ್ತು ವರ್ಷ ಕಳೆದವಳು. ಸೂಜಿಗಳಿಗೆಂದು ಬಟ್ಟೆಯ ಸುರುಳಿಯೊಂದಿತ್ತು, ಅದಕ್ಕೆ ಮೂರು ಜೇಬು: ಎಡಕ್ಕೆ ರೇಷ್ಮೆಯ ಸಪೂರ ಸೂಜಿ, ನಡುವೆ ಹತ್ತಿಬಟ್ಟೆಯದು, ಬಲಕ್ಕೆ ಕಂಬಳಿಯ ದಪ್ಪ ಸೂಜಿ. ಯಾವುದು ಯಾವುದೆಂದು ಕಣ್ಣಲ್ಲಿ ನೋಡುವ ಪೈಕಿಯವಳಲ್ಲ. ಎರಡು ಬೆರಳ ನಡುವೆ ಒಮ್ಮೆ ಹೊರಳಿಸಿದರೆ ಮುಗಿಯಿತು. “ನೋಡಿ ಆರಿಸೋದು ಕಲಿಯೋರ ಕೆಲಸ” ಎಂದು ಜಂಬ ಬೇರೆ.

ಅಂಥ ಕೈಯಿಂದ ಹೋದ ಎರಡು ರೇಷ್ಮೆ ಬಟ್ಟೆ ಈ ತಿಂಗಳು ವಾಪಸು ಬಂದವು. ಅಂಚಿನುದ್ದಕ್ಕೂ ದಪ್ಪ ಸೂಜಿಯ ತೂತು. ರೇಷ್ಮೆಗೆ ಬಿದ್ದ ತೂತು ಮುಚ್ಚುವುದಿಲ್ಲ.

“ಇನ್ನೊಂದು ಸಲ ಹೀಗಾದ್ರೆ ರೇಷ್ಮೆ ಕೆಲಸ ಬೇರೆಯವರಿಗೆ ಕೊಡ್ತೀನಮ್ಮ” ಎಂದ ದರ್ಜಿ.

ಇನ್ಯಾರು, ಸೊಸೆಯೇ! ಗುಂಡಿ ಹಾಕಲು ಸೂಜಿ ತೆಗೆದು, ಸಿಕ್ಕ ಜೇಬಿಗೆ ತುರುಕುತ್ತಾಳೆ. ಕೇಳಿದರೆ “ನಾನು ಮುಟ್ಟೇ ಇಲ್ಲ ಅತ್ತೆ” ಎಂದು ತಲೆ ತಗ್ಗಿಸುತ್ತಾಳೆ. ತಪ್ಪಿಲ್ಲದವಳು ತಲೆ ಯಾಕೆ ತಗ್ಗಿಸಬೇಕು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಸೊಸೆ ಕೋಣೆ ಗುಡಿಸಿದರೂ ಅನುಮಾನ, ಗುಡಿಸದಿದ್ದರೂ ಅನುಮಾನ.

ಒಂದು ಸಂಜೆ ಸೂಜಿಗಳನ್ನೆಲ್ಲ ಸುರಿದು, ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ಆಯಾ ಜೇಬಿಗೆ ಸೇರಿಸಿದಳು. ಸುರುಳಿಯನ್ನು ಕೆಂಪು ದಾರದಿಂದ ಬಿಗಿದಳು. ಹಾಕಿದ್ದು ತನ್ನ ತಾಯಿ ಕಲಿಸಿದ ಗಂಟು. ಬಿಚ್ಚಿದರೆ ಮತ್ತೆ ಹಾಗೆ ಹಾಕಲು ಆ ಮನೆಯಲ್ಲಿ ಇನ್ನೊಬ್ಬರಿಗೆ ಬಾರದು. ‘ಈಗ ಸಿಕ್ಕಿಬೀಳ್ತೀಯ, ನೋಡ್ತಿರು!’

ಬೆಳಿಗ್ಗೆ ಗಂಟು ಹಾಕಿದ ಹಾಗೇ ಇತ್ತು. ಸ್ವಲ್ಪ ನಿರಾಸೆಯೇ ಆಯಿತು. ತಾನೇ ಆರಿಸಿಟ್ಟ ಎಡಜೇಬಿನ ಸೂಜಿಗೆ ದಾರ ಪೋಣಿಸಿ, ರೇಷ್ಮೆಯ ಚೂರೊಂದರ ಮೇಲೆ ನಾಲ್ಕು ಹೊಲಿಗೆ ಹಾಕಿ ಬೆಳಕಿಗೆ ಹಿಡಿದಳು. ನಾಲ್ಕೂ ಕಡೆ ತೂತು.

ಅನುಮಾನ ಪಡಲು ಇನ್ನು ಯಾರೂ ಉಳಿದಿರಲಿಲ್ಲ. ಜಡ್ಡುಗಟ್ಟಿದ ತೋರುಬೆರಳಿನ ತುದಿಯನ್ನು ಹಲ್ಲಿನಿಂದ ಕಚ್ಚಿ ನೋಡಿದಳು. ಕಚ್ಚಿದ್ದೇ ತಿಳಿಯಲಿಲ್ಲ. ಹೆದರಿಕೆಯಾಯಿತು.

“ನಿಂಗೆ ಗೊತ್ತಿತ್ತಾ?” ಎಂದು ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಕೇಳಿದಳು.

“ಹೋದ ತಿಂಗಳೇ ಗೊತ್ತಾಯ್ತು ಅತ್ತೆ. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದ್ರೂ ನೀವು ಹೊಲೀತಾನೇ ಇದ್ರಿ. ಹೇಳಿದ್ರೆ ನಂಬ್ತಿದ್ರಾ?”

“ಇಲ್ಲ” ಎಂದಳು ಅತ್ತೆ, ಇದ್ದದ್ದನ್ನೇ. ಸುರುಳಿಯನ್ನು ಸೊಸೆಯತ್ತ ಸರಿಸಿದಳು. “ನೀನೇ ನೋಡಿ ಆರಿಸು.”

ಸೊಸೆ ಕಿಟಕಿಯ ಬಳಿ ಕೂತು ಸಪೂರದೊಂದನ್ನು ಹುಡುಕಿ ಕೊಟ್ಟಳು. ಹೊಲಿಗೆಯಮ್ಮ ಅದನ್ನು ಅದೇ ಚೂರಿಗೆ ಚುಚ್ಚಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಹೊಸ ತೂತು ಬಿದ್ದಿರಲಿಲ್ಲ. ಆಮೇಲೆಯೇ ದರ್ಜಿಯ ರೇಷ್ಮೆಯನ್ನು ಮಡಿಲಿಗೆ ಎಳೆದುಕೊಂಡಳು.