ಹಳೇ ಲೆನ್ಸು, ಹೊಸ ಬಾಡಿ

ಅಜ್ಜಂಪುರದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ದೇವೀರಪ್ಪನವರ ಫೋಟೋ ಸ್ಟುಡಿಯೋ ಇದೆ. ಅದರ ಹಿಂದಿನ ಬೀದಿಯಲ್ಲೇ ನಮ್ಮ ಮನೆ. ನಾನು ಚೌಳಹಿರಿಯೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಹಾಗಾಗಿ ಈಗ ಹೇಳುವುದರಲ್ಲಿ ಅರ್ಧವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಉಳಿದರ್ಧವನ್ನು ದೇವೀರಪ್ಪನವರ ಹೆಂಡತಿ ಮಲ್ಲಿಕಾಂಬ ನಮ್ಮ ಜಗಲಿಯ ಮೇಲೆ ಕೂತು, ನಡುನಡುವೆ ನಗು ತಡೆಯಲಾರದೆ ನಿಲ್ಲಿಸಿ, ಮತ್ತೆ ಶುರುಮಾಡಿ ಹೇಳಿದ್ದಾರೆ.

ದೇವೀರಪ್ಪನವರು ರೀಲಿನ ಕಾಲದ ಮನುಷ್ಯ. ಮೂವತ್ತಾರು ಫೋಟೋ ಬರುವ ರೀಲಿನಲ್ಲಿ ಮೂವತ್ತೆಂಟು ತೆಗೆಯುವುದು ಅವರ ಹೆಮ್ಮೆಯಾಗಿತ್ತು. ಯಾರೇ ಆಗಲಿ, ಒಂದು ಸಲ ನಿಂತರೆ ಒಂದೇ ಕ್ಲಿಕ್. ಮದುವೆಮನೆಯಲ್ಲಿ ಯಾರಾದರೂ "ಇನ್ನೊಂದು ತೆಗೀರಿ" ಎಂದರೆ, "ಯಾಕೆ, ಮೊದಲ್ನೇದ್ರಲ್ಲಿ ಮದ್ವೆ ಆಗ್ಲಿಲ್ವಾ?" ಎಂದು ಕೇಳುತ್ತಿದ್ದರು. ಪ್ರಿಂಟು ಕೈಗೆ ಬರುವ ಹೊತ್ತಿಗೆ ಹದಿನೈದು ದಿನ ಕಳೆದಿರುತ್ತಿತ್ತು. ಕಣ್ಣು ಮುಚ್ಚಿದವರು ಕಣ್ಣು ಮುಚ್ಚಿಕೊಂಡೇ ಆಲ್ಬಮ್ಮಿನಲ್ಲಿ ಉಳಿದುಬಿಡುತ್ತಿದ್ದರು. ನಮ್ಮೂರಿನ ಅರ್ಧಕ್ಕರ್ಧ ಜನರ ಮದುವೆ ಫೋಟೋದಲ್ಲಿ ಒಬ್ಬ ಸೋದರಮಾವನಾದರೂ ನಿದ್ದೆ ಮಾಡುತ್ತಿರುವಂತೆ ಕಾಣುವುದು ಇದೇ ಕಾರಣಕ್ಕೆ.

ಎರಡು ಸಾವಿರದ ಒಂಬತ್ತರಲ್ಲಿ ಅವರು ರೀಲು ತೊಳೆಸುತ್ತಿದ್ದ ಲ್ಯಾಬಿನ ಮಷೀನು ಕೆಟ್ಟಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಲ್ಯಾಬಿನವರು ತಿಂಗಳೊಪ್ಪತ್ತು ಕಾದು, ಆ ಜಾಗದಲ್ಲಿ ಜೆರಾಕ್ಸ್ ಮಷೀನು ಇಟ್ಟರು. ತರೀಕೆರೆಯ ಫೋಟೋಗ್ರಾಫರ್ ಧನಪಾಲ್ ಡಿಜಿಟಲ್ ಕ್ಯಾಮೆರಾ ತಗೊಂಡು ಆಗಲೇ ಎರಡು ವರ್ಷವಾಗಿತ್ತು. ದೇವೀರಪ್ಪನವರಿಗೆ ಬೇರೆ ದಾರಿ ಉಳಿಯಲಿಲ್ಲ.

ಆದರೂ ಅವರಿಗೊಂದು ಸಮಾಧಾನವಿತ್ತು. ಅವರ ಹತ್ತಿರ ಮೂರು ಲೆನ್ಸುಗಳಿದ್ದವು. ಇಪ್ಪತ್ತೆಂಟು ಮಿಲಿಮೀಟರಿನದು ಗುಂಪಿನ ಫೋಟೋಕ್ಕೆ, ಐವತ್ತರದು ಒಬ್ಬಿಬ್ಬರಿಗೆ, ನೂರ ಮೂವತ್ತೈದರದು ದೂರದಿಂದ ತೆಗೆಯಲಿಕ್ಕೆ. ಮೂರೂ ಕಬ್ಬಿಣದ ಗುಂಡಿನಂತೆ ಭಾರ. ಕ್ಯಾಮೆರಾದ ಬಾಡಿ ಒಂದು ಹೊಸದು ತಗೊಂಡರೆ ಸಾಕು, ಲೆನ್ಸು ಹೇಗೂ ಇವೆ ಎಂದು ಲೆಕ್ಕ ಹಾಕಿ, ಮೂರನ್ನೂ ಮಲ್ಲಿಕಾಂಬ ಅವರ ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿಕೊಂಡು ಕಡೂರಿಗೆ ಹೋದರು.

ಅಂಗಡಿಯ ಪ್ರಸನ್ನಕುಮಾರ್ ಹೊಸ ಬಾಡಿಯೊಂದನ್ನು ಹೊರಗೆ ತೆಗೆದ.

"ಇದಕ್ಕೆ ನನ್ ಲೆನ್ಸು ಕೂರ್ತದೇನಪ್ಪಾ?"

"ಕೂರ್ತದಣ್ಣ. ಅದೇ ಕಂಪನಿ, ಅದೇ ಬಾಯಿ."

ದೇವೀರಪ್ಪನವರು ಇಪ್ಪತ್ತೆಂಟರದನ್ನು ಇಟ್ಟು ತಿರುಗಿಸಿದರು. ಟಕ್ ಎಂದು ಕೂತಿತು. ಬ್ಯಾಟರಿ ಚಾರ್ಜ್ ಆಗಿರಲಿಲ್ಲವಾದ್ದರಿಂದ ಆನ್ ಮಾಡಿ ನೋಡುವಂತಿರಲಿಲ್ಲ. ಟಕ್ ಎಂಬ ಶಬ್ದವೇ ಅವರಿಗೆ ಸಾಕಾಯಿತು. ಪ್ರಸನ್ನಕುಮಾರ್ ಡಬ್ಬಿಯೊಳಗಿಂದ ಇನ್ನೊಂದು ಪುಟ್ಟ ಪ್ಲಾಸ್ಟಿಕ್ ಲೆನ್ಸು ತೆಗೆದು, "ಇದನ್ನೂ ಜೊತೆಗೆ ತಗೊಂಬಿಡಿ" ಎಂದ. ದೇವೀರಪ್ಪನವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕರು.

"ಇದೇನು ಲೆನ್ಸಾ, ಉಪ್ಪಿನ್ಕಾಯಿ ಜಾಡಿ ಮುಚ್ಚಳಾನಾ? ಜೋರಾಗಿ ಊದಿದ್ರೆ ಹಾರೋಯ್ತದೆ. ಬ್ಯಾಡ, ಬಾಡಿ ಒಂದೇ ಕೊಡು."

ಮಾರನೆಯ ಬೆಳಿಗ್ಗೆ ಬ್ಯಾಟರಿ ತುಂಬಿತು. ಹೊಸ ಕ್ಯಾಮೆರಾದ ಮೊದಲ ಫೋಟೋ ಹೆಂಡತಿಯದೇ ಆಗಲಿ ಎಂದು, ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಮಲ್ಲಿಕಾಂಬ ಅವರ ಮುಂದೆ ನಿಂತು ಬಟನ್ ಅರ್ಧ ಒತ್ತಿದರು. ಹಳೇ ಕ್ಯಾಮೆರಾದಲ್ಲಾದರೆ ಲೆನ್ಸು ಗಿರ್ ಎಂದು ತಾನೇ ತಿರುಗಿ ಫೋಕಸ್ ಮಾಡಿಕೊಳ್ಳುತ್ತಿತ್ತು. ಈಗ ಸದ್ದಿಲ್ಲ. ಬಿಟ್ಟು ಮತ್ತೆ ಒತ್ತಿದರು. ಲೆನ್ಸು ಬದಲಾಯಿಸಿದರು. ಮೂರೂ ಲೆನ್ಸುಗಳು ಮುಷ್ಕರ ಹೂಡಿದಂತೆ ಕೂತಿದ್ದವು.

"ತೆಗ್ದ್ರಾ?" ಎಂದರು ಮಲ್ಲಿಕಾಂಬ, ಅರ್ಧಗಂಟೆಯಿಂದ ಹಿಡಿದಿದ್ದ ನಗುವನ್ನು ಸಡಿಲಿಸದೆ.

"ಏನೋ ಆಗೈತೆ ಕಣೇ. ಲೆನ್ಸು ಅಲ್ಲಾಡ್ತಾನೇ ಇಲ್ಲ."

ಮಲ್ಲಿಕಾಂಬ ಕೈ ಒರೆಸಿಕೊಂಡು ಎದ್ದು ಬಂದರು. "ಹಳೇ ಕ್ಯಾಮ್ರಾನೂ ತನ್ನಿ" ಎಂದು, ಲೆನ್ಸು ತೆಗೆಸಿ, ಎರಡರ ಬಾಯಿಯನ್ನೂ ಬೆಳಕಿಗೆ ಹಿಡಿದು ನೋಡಿದರು.

"ರೀ, ಹಳೇದ್ರಲ್ಲಿ ಇಲ್ನೋಡಿ, ಸ್ಕ್ರೂಡ್ರೈವರ್ ತುದಿ ಥರ ಚಿಕ್ಕದೊಂದು ಐತೆ. ಹೊಸದ್ರಲ್ಲಿ ಇಲ್ವೇ ಇಲ್ಲ. ನಮ್ ಮಿಕ್ಸಿ ಥರಾನೇ ಕಣ್ರೀ. ಮೋಟ್ರು ಕೆಳಗಿರ್ತದೆ, ಜಾರಲ್ಲಿರಲ್ಲ. ನಿಮ್ ಲೆನ್ಸು ಬರೀ ಜಾರು. ಕೂರ್ಸಿದೀರಿ, ತಿರುಗ್ಸೋರು ಯಾರು?"

ದೇವೀರಪ್ಪನವರು ಪ್ರಸನ್ನಕುಮಾರನಿಗೆ ಫೋನ್ ಮಾಡಿ ರೇಗಿದರು. ಅವನು ಶಾಂತವಾಗಿ ಹೇಳಿದ: "ಅಣ್ಣ, ಕೂರ್ತದಾ ಅಂದ್ರಿ, ಕೂರ್ತು. ತಿರುಗ್ತದಾ ಅಂತ ನೀವು ಕೇಳ್ಲೇ ಇಲ್ವಲ್ಲ. ಈ ಬಾಡೀಲಿ ಮೋಟ್ರು ಇರಲ್ಲ, ಹೊಸ ಲೆನ್ಸಿನೊಳಗೇ ಇರ್ತದೆ. ಅದಕ್ಕೇ ಅದನ್ನ ತಗಳಿ ಅಂದಿದ್ದು."

ಉಪ್ಪಿನಕಾಯಿ ಮುಚ್ಚಳದ ಮಾತು ಆಡಿಬಿಟ್ಟಿದ್ದರಿಂದ ಈಗ ವಾಪಸು ಹೋಗಿ ಅದನ್ನೇ ಕೇಳಲು ಅವರಿಗೆ ಮನಸ್ಸಾಗಲಿಲ್ಲ. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವುದೆಂದು ತೀರ್ಮಾನಿಸಿದರು. ಸರಿಯಾದಾಗ ಕ್ಯಾಮೆರಾದೊಳಗೆ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ ಹತ್ತುತ್ತಿತ್ತು. ಚುಕ್ಕಿ ಕಾಣಬೇಕಾದರೆ ಕನ್ನಡಕ ಬೇಕು, ಕನ್ನಡಕ ಹಾಕಿದರೆ ಕಣ್ಣು ಕ್ಯಾಮೆರಾಕ್ಕೆ ತಾಗದು. ಅಂತೂ ಒಂದು ವಾರ ಮನೆಯ ಗಡಿಯಾರ, ಹಸು, ಎದುರುಮನೆಯ ನಲ್ಲಿ ಎಲ್ಲವನ್ನೂ ಹಿಡಿದು ಅಭ್ಯಾಸ ಮಾಡಿಕೊಂಡರು.

ಅದೇ ತಿಂಗಳ ಕೊನೆಗೆ ನಮ್ಮ ಹೆಡ್‌ಮೇಡಂ ಹೇಮಾವತಿಯವರು ನಿವೃತ್ತರಾಗುವವರಿದ್ದರು. ಹತ್ತನೇ ಕ್ಲಾಸಿನ ಐವತ್ಮೂರು ಮಕ್ಕಳು, ಮೇಡಂ ಸೇರಿ ಒಂಬತ್ತು ಜನ ನಾವು, ಎಲ್ಲರದೂ ಒಂದು ಗ್ರೂಪ್ ಫೋಟೋ ಆಗಬೇಕಿತ್ತು. ನೆರೆಯವರೆಂಬ ಅಭಿಮಾನಕ್ಕೆ ದೇವೀರಪ್ಪನವರನ್ನು ಕರೆಸಿದವನು ನಾನೇ.

ಅವರು ಮೊಪೆಡ್ಡಿನಲ್ಲಿ ಬಂದಿಳಿದು, ಬೆಂಚು ಜೋಡಿಸಿ, ಎಲ್ಲರನ್ನೂ ನಿಲ್ಲಿಸಿದರು. ಎಡತುದಿಯಲ್ಲಿ ಡ್ರಿಲ್ ಮೇಷ್ಟ್ರು ತಮ್ಮಯ್ಯನವರು ಎದೆಯುಬ್ಬಿಸಿ ನಿಂತರು. ದೇವೀರಪ್ಪನವರು ಪ್ರತಿ ವರ್ಷದ ರೂಢಿಯಂತೆ ಹದಿನೇಳು ಹೆಜ್ಜೆ ಹಿಂದೆ ಹೋಗಿ ಕ್ಯಾಮೆರಾ ಎತ್ತಿದರು. ಇಳಿಸಿದರು. ಲೆನ್ಸಿನ ಮೇಲಿನ ಅಂಕಿ ಓದಿದರು. ಇಪ್ಪತ್ತೆಂಟೇ. ಮತ್ತೆ ಎತ್ತಿದರು.

"ತಮ್ಮಯ್ಯ ಮೇಷ್ಟ್ರೇ, ಒಸಿ ಒಳಗೆ ಬನ್ನಿ."

ಎಲ್ಲರೂ ಒಳಗೆ ಒತ್ತಿಕೊಂಡೆವು. ಎರಡೂ ಕಡೆ ಎಂಟೆಂಟು ಜನ ಇನ್ನೂ ಹೊರಗೇ ಉಳಿದರು. ಕಾರಣ ನನಗೆ ಆಮೇಲೆ ಓದಿ ತಿಳಿಯಿತು. ಆ ಕ್ಯಾಮೆರಾದಲ್ಲಿ ರೀಲಿನ ಜಾಗದಲ್ಲಿರುವ ಸೆನ್ಸರ್ ರೀಲಿಗಿಂತ ಚಿಕ್ಕದು. ಲೆನ್ಸು ಮೊದಲಿನಷ್ಟೇ ಚಿತ್ರ ಕೊಟ್ಟರೂ ಅದು ನಡುಭಾಗವನ್ನಷ್ಟೇ ಹಿಡಿದುಕೊಳ್ಳುತ್ತದೆ, ಅಂಚು ಹೊರಗೆ ಬೀಳುತ್ತದೆ. ಆದರೆ ಆ ಹೊತ್ತಿಗೆ ನಮಗೆ ಕಂಡದ್ದು ಇಷ್ಟೇ: ದೇವೀರಪ್ಪನವರು ಹಿಂದೆ ಹಿಂದೆ ಹೋಗುತ್ತಲೇ ಇದ್ದರು.

ನಮ್ಮ ಸ್ಕೂಲಿಗೆ ಆಗಿನ್ನೂ ಕಾಂಪೌಂಡ್ ಮಂಜೂರಾಗಿರಲಿಲ್ಲ. ಮೈದಾನ ಮುಗಿದಲ್ಲೇ ರಸ್ತೆ. ಅವರು ರಸ್ತೆಯನ್ನೂ ದಾಟಿ ಆಚೆ ಬದಿಯಲ್ಲಿ ನಿಂತು, ಮಕ್ಕಳೆಲ್ಲ ಇತ್ತ ನೋಡಲೆಂದು ಒಂದು ಕೈ ಮೇಲೆತ್ತಿ ಬೀಸಿದರು. ಅದೇ ವೇಳೆಗೆ ಬಂದ ಕಡೂರಿನ ಬಸ್ಸು, ಹೆಗಲಿಗೆ ಬ್ಯಾಗು ಹಾಕಿಕೊಂಡು ಕೈ ತೋರಿಸುತ್ತಿದ್ದ ಆ ಮನುಷ್ಯನ ಮುಂದೆ ಗಕ್ಕನೆ ನಿಂತಿತು.

"ಹತ್ತಿ ಹತ್ತಿ, ಬೇಗ!" ಎಂದ ಕಂಡಕ್ಟರ್.

"ನಾನು ಬರಲ್ಲ ಕಣಪ್ಪ, ಫೋಟೋ!"

"ಮತ್ಯಾಕ್ರೀ ಕೈ ತೋರ್ಸಿದ್ರಿ? ಸುಮ್ಸುಮ್ನೆ ಬಸ್ ನಿಲ್ಸೋದಾ?"

ಈ ಗದ್ದಲದಲ್ಲಿ ಬೆರಳು ಬಟನ್ನಿನ ಮೇಲೆ ಬಿದ್ದು ಮೊದಲ ಫೋಟೋ ಆಗಿಯೇಹೋಯಿತು. ಅದರಲ್ಲಿ ಸೀಟಿ ಹಿಡಿದ ಕಂಡಕ್ಟರ್ ಮಸುಕುಮಸುಕಾಗಿ ಇದ್ದ. ಬಸ್ಸಿನ ಕಿಟಕಿಯಾಚೆ ನನ್ನ ಅರ್ಧ ತಲೆ ಇತ್ತು.

ಬಸ್ಸು ಹೋದಮೇಲೆ ಇಬ್ಬರು ಆಡು ಕಾಯುವವರು, ಆಮೇಲೆ ಒಂದು ಟ್ರ್ಯಾಕ್ಟರು. ಸಾಕಾಗಿ ದೇವೀರಪ್ಪನವರು ಮೈದಾನಕ್ಕೇ ವಾಪಸು ಬಂದರು. ಗುಂಪನ್ನು ಎರಡು ಭಾಗವಾಗಿ ತೆಗೆದು, ಧನಪಾಲನ ಕಂಪ್ಯೂಟರಿನಲ್ಲಿ ಜೋಡಿಸಿದರಾಯಿತು ಎಂಬುದು ಅವರ ಹೊಸ ಯೋಚನೆ. ಎಡಭಾಗ ಚೆನ್ನಾಗಿ ಬಂತು. ಬಲಭಾಗ ತೆಗೆಯುವಾಗ ಅಲ್ಲಿನ ಹುಡುಗರು ತಳ್ಳಾಡತೊಡಗಿದ್ದರಿಂದ ತಮ್ಮಯ್ಯನವರು ಎಡತುದಿಯಿಂದ ಓಡಿಹೋಗಿ ಒಬ್ಬನ ಕಿವಿ ಹಿಡಿದರು. ಅದೇ ಕ್ಷಣಕ್ಕೆ ಕ್ಲಿಕ್ ಆಯಿತು.

ಮೂರು ದಿನದ ಮೇಲೆ ಪ್ರಿಂಟು ಬಂತು. ಹೇಮಾವತಿ ಮೇಡಂ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ದೇವೀರಪ್ನೋರೆ, ನನ್ ಸರ್ವೀಸಲ್ಲಿ ಒಬ್ರು ಡ್ರಿಲ್ ಮೇಷ್ಟ್ರು ಸಿಗೋದೇ ಕಷ್ಟ ಆಗಿತ್ತು. ಹೋಗೋ ಹೊತ್ತಿಗೆ ನೀವು ಇಬ್ರನ್ನ ಕೊಟ್ರಲ್ಲ."

ಎಡತುದಿಯಲ್ಲಿ ಎದೆಯುಬ್ಬಿಸಿದ ತಮ್ಮಯ್ಯ. ಬಲತುದಿಯಲ್ಲಿ ಕಿವಿ ಹಿಂಡುತ್ತಿರುವ ತಮ್ಮಯ್ಯ. ಸ್ಟಾಫ್‌ರೂಮಿನಲ್ಲಿ ನಕ್ಕು ನಕ್ಕು ಸಂಸ್ಕೃತದ ಮೇಷ್ಟ್ರಿಗೆ ಬಿಕ್ಕಳಿಕೆ ಹತ್ತಿತು. ತಮ್ಮಯ್ಯನವರು ಮಾತ್ರ ಗಂಭೀರವಾಗಿ, "ಎರಡೂ ಚೆನ್ನಾಗೇ ಬಂದಿವೆ. ನನಗೊಂದು ಕಾಪಿ ಇರ್ಲಿ" ಎಂದರು.

ದೇವೀರಪ್ಪನವರು ನಗಲಿಲ್ಲ. ನಾನು ಮೊಪೆಡ್ಡಿನವರೆಗೆ ಜೊತೆಗೆ ಹೋದೆ. "ಇಷ್ಟು ವರ್ಷ ಒಂದೇ ಏಟಿಗೆ ತೆಗ್ದೋನು ನಾನು ಮೇಷ್ಟ್ರೇ. ಈಗ ಗುಂಪು ನಿಲ್ಸೋಕೂ ಬರ್ದಂಗಾಯ್ತು" ಎಂದರು. ಅವರ ದನಿ ಕೇಳಿ ನನಗೂ ಮನಸ್ಸು ಕೆಟ್ಟಿತು.

ಅಲ್ಲಿಂದ ಅವರು ನೇರ ತರೀಕೆರೆಗೆ ಹೋಗಿದ್ದಾರೆ. ಧನಪಾಲ್ ಎಲ್ಲ ಕೇಳಿಸಿಕೊಂಡು ಹೇಳಿದನಂತೆ: "ದೇವೀರಣ್ಣ, ನಿಂಗೆ ಬೇಕಾಗಿರೋದು ಹದಿನೆಂಟರಿಂದ ಶುರುವಾಗೋ ಲೆನ್ಸು. ಈ ಬಾಡೀಲಿ ಅದೇ ನಿನ್ ಹಳೇ ಇಪ್ಪತ್ತೆಂಟರ ಕೆಲ್ಸ ಮಾಡ್ತದೆ. ಮೋಟ್ರೂ ಅದ್ರೊಳಗೇ ಐತೆ."

"ಅದ್ಯಾವ್ದು, ತೋರ್ಸು."

ಧನಪಾಲ್ ತನ್ನ ಬ್ಯಾಗಿನಿಂದ ತೆಗೆದಿಟ್ಟದ್ದು ಅದೇ ಉಪ್ಪಿನಕಾಯಿ ಮುಚ್ಚಳ.

ಕಡೂರಿನ ಅಂಗಡಿಗೆ ಮತ್ತೆ ಕಾಲಿಡಲು ದೇವೀರಪ್ಪನವರು ಸುತರಾಂ ಒಪ್ಪಲಿಲ್ಲ. ಮಲ್ಲಿಕಾಂಬ ಬಾಡಿಯನ್ನು ಕೈಚೀಲಕ್ಕೆ ಹಾಕಿಕೊಂಡು ತಾವೇ ಹೋದರು. ಬ್ಯಾಟರಿ ತುಂಬಿಸಿಕೊಂಡೇ ಹೋಗಿದ್ದರು. ಅದೇ ಅಂಕಿಯ ಲೆನ್ಸು ಮೂರು ತೆಗೆಸಿ, ಒಂದೊಂದನ್ನೂ ಹಾಕಿ, ಬಾಗಿಲಿಗೆ ಬಂದು, ಎದುರಿನ ಕಬ್ಬಿನಹಾಲಿನ ಅಂಗಡಿಯ ಬೋರ್ಡಿಗೆ ಹಿಡಿದು, ಗುಂಯ್ ಎಂಬ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿದರು. ಹತ್ತಿರದ ಬೋರ್ಡು, ದೂರದ ಬೋರ್ಡು, ನಡುವೆ ನಿಂತ ಆಟೋ, ಎಲ್ಲವನ್ನೂ ತೆಗೆದು ದೊಡ್ಡದು ಮಾಡಿ ನೋಡಿದರು. ಪ್ರಸನ್ನಕುಮಾರ್ ಬೆರಗಾಗಿ, "ಅಮ್ಮಾ, ನೀವೂ ಫೋಟೋಗ್ರಾಫರಾ?" ಎಂದ.

"ಇಲ್ಲಪ್ಪ, ಮನೇಲಿ ಮಿಕ್ಸಿ ಇಟ್ಕೊಂಡಿರೋಳು."

ಮೇಡಂ ನಿವೃತ್ತರಾಗಲು ಇನ್ನು ನಾಲ್ಕೇ ದಿನ ಇರುವಾಗ ಎರಡನೆಯ ಸಲ ಫೋಟೋಕ್ಕೆ ನಿಂತೆವು. ಹದಿನೇಳನೆಯ ಹೆಜ್ಜೆಗೆ ಅರವತ್ತೆರಡು ಜನವೂ ಒಳಗೆ ಬಂದೆವು. ತಮ್ಮಯ್ಯನವರನ್ನು ಯಾರೂ ಹೇಳದಿದ್ದರೂ ನಟ್ಟನಡುವೆ, ಮೇಡಂ ಕುರ್ಚಿಯ ಹಿಂದೆ, ಕದಲದಂತೆ ನಿಲ್ಲಿಸಿದ್ದೆವು. ಗುಂಯ್ ಎಂದಿತು, ಕ್ಲಿಕ್ ಎಂದಿತು. ದೇವೀರಪ್ಪನವರು ಬ್ಯಾಗು ಮುಚ್ಚಲು ಹೊರಟರು.

ಆದರೆ ಈ ಕ್ಯಾಮೆರಾದ ಬೆನ್ನಿನಲ್ಲಿ ಆ ಕ್ಷಣವೇ ಫೋಟೋ ಕಾಣುತ್ತಿತ್ತು. ಹುಡುಗಿಯರು ಮುತ್ತಿಕೊಂಡರು.

"ಸಾರ್, ನನ್ ಕಣ್ಣು ಮುಚ್ಚೈತೆ!"

"ನನ್ ಜಡೆ ಮುಂದೆ ಬಂದಿಲ್ಲ ಸಾರ್!"

ಮೇಡಂ ಕೂಡ ಇಣುಕಿ, "ನಾನ್ಯಾಕೆ ಇಷ್ಟು ಸಿಡುಕಿನ ಮುಖ ಮಾಡಿದೀನಿ? ಇನ್ನೊಂದು ತೆಗೀರಿ" ಎಂದರು. ಇಷ್ಟು ವರ್ಷ ಹದಿನೈದು ದಿನದ ದೂರದಲ್ಲಿ ಇರುತ್ತಿದ್ದ ತಕರಾರುಗಳೆಲ್ಲ ಈಗ ಅವರ ಅಂಗಿಯ ತೋಳು ಹಿಡಿದು ಜಗ್ಗುತ್ತಿದ್ದವು. ಆ ಮಧ್ಯಾಹ್ನ ಅವರು ನಲವತ್ತೊಂದು ಸಲ ಕ್ಲಿಕ್ ಮಾಡಿದರು. ಹತ್ತು ದಾಟುವವರೆಗೆ ಮುಖ ಗಂಟಿಕ್ಕಿತ್ತು. ಇಪ್ಪತ್ತರ ಹೊತ್ತಿಗೆ ಅವರೇ, "ಇರಿ ಇರಿ, ಆ ಮೂಲೆಯೋನು ನಕ್ಕಿಲ್ಲ" ಎನ್ನತೊಡಗಿದ್ದರು.

ಮೇಡಂ ನಲವತ್ತೊಂದನ್ನೂ ಒಂದೊಂದಾಗಿ ನೋಡುತ್ತಿದ್ದಾಗ... ಅಲ್ಲ, ಅದಕ್ಕೆ ಸ್ವಲ್ಪ ಮೊದಲು, ಮಕ್ಕಳು ನೀರಿಗೆ ಹೋಗಿದ್ದಾಗ, ದೇವೀರಪ್ಪನವರು ಸುಮ್ಮನೆ ಹಳೇ ಐವತ್ತರ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಅತ್ತಿತ್ತ ನೋಡಿದರು. ಬಿಸಿಯೂಟದ ಅಡುಗೆಮನೆಯ ಬಾಗಿಲಲ್ಲಿ ದ್ಯಾಮಮ್ಮ ನಿಂತಿದ್ದಳು. ವರ್ಷಗಟ್ಟಲೆ ನಮಗೆಲ್ಲ ಅಡುಗೆ ಮಾಡಿ ಹಾಕಿದರೂ ಫೋಟೋ ಎಂದರೆ ಹೊಗೆಯ ನೆಪ ಹೇಳಿ ಒಳಗೆ ಹೋಗುವ ಹೆಂಗಸು. ಇಬ್ಬರು ತಮ್ಮಯ್ಯಂದಿರ ಕತೆಯನ್ನು ಯಾರೋ ಆಗಷ್ಟೇ ಹೇಳಿದ್ದರು. ಸೌಟು ಕೈಯಲ್ಲಿದ್ದಂತೆಯೇ ಬಾಗಿಲಿಗೆ ಒರಗಿ ನಗುತ್ತಿದ್ದಳು. ಚಿಕ್ಕ ಸೆನ್ಸರಿನ ದೆಸೆಯಿಂದ ಐವತ್ತರ ಲೆನ್ಸು ಈಗ ದೂರದ ಮುಖವನ್ನು ಹತ್ತಿರ ತರುತ್ತಿತ್ತು. ದೇವೀರಪ್ಪನವರು ಕೈಯಿಂದ ಮೆಲ್ಲಗೆ ತಿರುಗಿಸಿದರು. ಹಸಿರು ಚುಕ್ಕಿ ಹತ್ತಿತು. ಒಂದು ತೆಗೆದರು, ಅಷ್ಟೇ.

ಬೀಳ್ಕೊಡುಗೆಯ ದಿನ ಆ ಫೋಟೋ ದೊಡ್ಡದಾಗಿ ಬಂತು. ದ್ಯಾಮಮ್ಮ ಕೈಗೆ ತಗೊಂಡು ನೋಡಿದಳು.

"ಯಾರಿವ್ಳು?"

"ನೀನೇ ಕಣವ್ವ" ಎಂದರು ದೇವೀರಪ್ಪ.

ಅವಳು ಇನ್ನೊಮ್ಮೆ ನೋಡಿದಳು. "ನಾನು ಇಷ್ಟ್ ಚೆಂದ ನಗ್ತೀನಾ? ಇಲ್ಲೀಗಂಟ ಒಬ್ರೂ ಹೇಳ್ಲಿಲ್ವಲ್ಲ" ಎಂದು ಎಲ್ಲರನ್ನೂ ಆಕ್ಷೇಪಣೆಯ ಕಣ್ಣಲ್ಲಿ ನೋಡಿ, ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಮೇಡಂ ತಮಗೂ ಒಂದು ಪ್ರಿಂಟು ಮಾಡಿಸಿಕೊಂಡರು.

ನೂರ ಮೂವತ್ತೈದರ ಲೆನ್ಸು ಈಗ ಹಿರೇನಲ್ಲೂರಿನ ಚಂದ್ರಕುಮಾರ್ ಎಂಬಾತನ ಹತ್ತಿರ ಇದೆ. ಕೆರೆಗೆ ಬರುವ ಹಕ್ಕಿಗಳ ಫೋಟೋ ಅವನ ಹುಚ್ಚು. ಅವನ ಬಾಡಿಯ ಬಾಯಲ್ಲಿ ಮೋಟರಿನ ತುದಿ ಇದೆಯೇ ಎಂದು ದೇವೀರಪ್ಪನವರು ಟಾರ್ಚ್ ಹಿಡಿದು ನೋಡಿ, ಅಂಗಡಿಯ ಮುಂದಿನ ಕಾಗೆಗೆ ಫೋಕಸ್ ಮಾಡಿಸಿದ ಮೇಲೆಯೇ ಲೆನ್ಸು ಕೊಟ್ಟರು.

ದ್ಯಾಮಮ್ಮನ ಫೋಟೋ ಚೌಳಹಿರಿಯೂರಿನ ಮನೆಮನೆ ಸುತ್ತಿತು. ತಿಂಗಳೊಳಗೆ ಹೆಂಗಸರು ಅಜ್ಜಂಪುರದ ಸ್ಟುಡಿಯೋ ಹುಡುಕಿಕೊಂಡು ಬಂದು, "ನಮಗೂ ಅಂಥದ್ದೇ ಬೇಕು" ಎಂದರು. ಹೇಳಿದ ಕೂಡಲೇ ಯಾರಿಗೂ ನಗು ಬರುವುದಿಲ್ಲ. ಅದಕ್ಕೆ ಮಲ್ಲಿಕಾಂಬ ಈಗಲೂ ಸ್ಟುಡಿಯೋದಲ್ಲಿ ಬಂದವರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತು ಮಾತಿಗೆಳೆಯುತ್ತಾರೆ. ದೇವೀರಪ್ಪನವರು ಐವತ್ತರ ಲೆನ್ಸು ಹಿಡಿದು ಬಾಗಿಲ ಬಳಿ ದೂರ ನಿಂತಿರುತ್ತಾರೆ. ಮಾತು ಬಹುಪಾಲು ಅವರ ಮೇಲೆಯೇ ಇರುತ್ತದೆ. ಕೇಳಿಸದವರಂತೆ ಅವರು ಲೆನ್ಸು ತಿರುಗಿಸುತ್ತಾ ಕಾಯುತ್ತಾರೆ.