ಬಾನೆಟ್ಟಿನ ಮುಂದೆ ಕೂತಿದ್ದ ಅಜ್ಜಿ

ಚಕ್ರದಡಿ ಏನೋ ಲಟಲಟ ಮುರಿಯಿತು. ಬ್ರೇಕ್ ಒತ್ತಿ ಇಳಿದು ನೋಡಿದರೆ, ನನ್ನ ಹೊಸ ಎಸ್‌ಯುವಿಯ ಮೂತಿಗೇ ಅಂಟಿಕೊಂಡಂತೆ ಒಬ್ಬ ಅಜ್ಜಿ ಕೂತಿದ್ದಳು. ಅವಳ ಬಿದಿರಿನ ಮೊರ ಅಪ್ಪಚ್ಚಿಯಾಗಿತ್ತು.

ಗಾಡಿಗಳು ತುಳಿದು ಕಾಳು ಬಿಡಿಸಲೆಂದು ಯಗಟಿ ರಸ್ತೆಯ ತುಂಬ ಹುರುಳಿ ಹರಡಿದ್ದರು. ಎದುರಿನ ಬಸ್ಸಿಗೆ ದಾರಿ ಬಿಡಲು ನಾನು ನಿಂತಿದ್ದಾಗ ಆಕೆ ಕಾಳು ಬಾಚಲು ಕೂತಿದ್ದಾಳೆ. ಯಾರೂ ಕಾಣಲಿಲ್ಲವೆಂದು ನಾನು ಹೊರಟಿದ್ದೆ.

ಪಕ್ಕದಲ್ಲಿದ್ದ ಗೆಳೆಯ ಇಳಿದು ಬಂದವನೇ ಕೇಳಿದ್ದು, "ಬಂಪರ್‌ಗೆ ಗೀರು ಬಿತ್ತೇನೋ?"

ಅಜ್ಜಿ ಬೈಯಲಿಲ್ಲ. "ನಾನ್ ಕೂತಿದ್ ತಾವೇ ಒಂದ್ಗಳಿಗೆ ಕೂತ್ಕ ಬಾರಪ್ಪಾ" ಎಂದಳು. ಕೂತೆ. ಗೆಳೆಯನನ್ನು ನನ್ನ ಸೀಟಿಗೆ ಹತ್ತಿಸಿ, "ಇವ್ನು ಕಾಣ್ತವ್ನಾ?" ಎಂದು ಅವನನ್ನು ಕೂಗಿ ಕೇಳಿದಳು.

"ಇಲ್ಲ ಕಣಜ್ಜಿ, ಬರೀ ರಸ್ತೆ ಕಾಣ್ತೈತೆ."

ಬಾನೆಟ್ ಎದೆಮಟ್ಟ ಇದ್ದರೇ ಗತ್ತು ಎಂದು ಶೋರೂಮಿನಲ್ಲಿ ಹಟ ಹಿಡಿದು ಆರಿಸಿದವನು ನಾನೇ. ಅದಕ್ಕೊರಗಿ ಕೈಕಟ್ಟಿ ನಿಂತ ಫೋಟೊವನ್ನು ಸ್ಟೇಟಸ್‌ಗೂ ಹಾಕಿದ್ದೆ. ಮನೆಯಲ್ಲಿ ಇದನ್ನು ಹೇಳಿದ ಮೇಲೆ, ಈಗ ಬೆಳಿಗ್ಗೆ ನಾನು ಕೀಲಿ ಕೈಗೆತ್ತಿಕೊಂಡರೆ ಸಾಕು, ಗಾಡಿಯ ಮುಂದೆ ಅಂಗಳದಲ್ಲಿ ರಂಗೋಲಿ ಹಾಕುತ್ತಿರುವ ಮಗಳು ಅರ್ಧಕ್ಕೇ ಬಿಟ್ಟು ಜಗಲಿ ಹತ್ತುತ್ತಾಳೆ.