ಮೊದಲ ಪೆಟ್ಟು ಅಂಜಿನಮ್ಮನಿಗೇ ಏಕೆ?

ಪೆಟ್ಟು ತಿಂದವಳು ಅಂಜಿನಮ್ಮ. ಆಟದ ಯೋಜನೆ ಹಾಕಿದವರಲ್ಲ, ತಂಡವನ್ನು ಆರಿಸಿದವರೂ ಅಲ್ಲ. ನಾನು ಮಧುಗಿರಿಗೆ ಬಂದ ಮೊದಲ ವಾರವೇ ನಗರದಿಂದ ಬಂದ ಎದುರಾಳಿ ತಂಡದ ಮೂವರು ಒಟ್ಟಾಗಿ ನುಗ್ಗಿ ಬಂದು, ಚೆಂಡು ಹಿಡಿದು ಇನ್ನೂ ಹೆಜ್ಜೆ ಎತ್ತದಿದ್ದ ಅವಳನ್ನು ಕಲ್ಲಿನಂಥ ನೆಲಕ್ಕೆ ಕೆಡವಿದರು. ಭುಜ ಜಾರಿತು. ಅಂಗಳದ ಬದಿಯಲ್ಲಿ ನಿಂತವರೊಬ್ಬರು ಪಕ್ಕದವನಿಗೆ, "ಪಾವಗಡದ ಹೆಣ್ಣು ಕಣ್ಲಾ ಅದು, ಏನೂ ಆಗಾಕಿಲ್ಲ ಬುಡು" ಎಂದು ನಕ್ಕರು. ಗಾಯಕ್ಕಿಂತ ಆ ನಗು ನನಗೆ ಹೆಚ್ಚು ಅಪರಿಚಿತವೆನಿಸಿತು.

ಗದಗ ಸೀಮೆಯ ನನ್ನ ಓದುಗರಿಗೆ ಈ ಆಟದ ಪರಿಚಯ ಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲೂಕುಗಳ ಯುವತಿಯರ ಕೂಡು ತಂಡಕ್ಕೆ ರಗ್ಬಿ ಲೀಗ್ ಕಲಿಸಲು ನಾನು ಇಲ್ಲಿಗೆ ಬಂದೆ. ತಂಡಕ್ಕೆ ಹದಿಮೂರು ಮಂದಿ. ಚೆಂಡನ್ನು ಹಿಡಿದು ಮುಂದಕ್ಕೆ ಓಡಬೇಕು, ಆದರೆ ಕೈಯಿಂದ ಎಸೆಯುವುದು ಹಿಂದಿರುವವರಿಗೆ ಮಾತ್ರ. ಎದುರಾಳಿಗಳ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ. ಎದುರಾಳಿಗಳು ಆರು ಸಲ ಹಿಡಿದು ನಿಲ್ಲಿಸಿದರೆ ಚೆಂಡು ಅವರ ಪಾಲು. ನಗರದ ತಂಡಗಳು ಕಾದು ನಿಲ್ಲುವುದಿಲ್ಲ. ಇಡೀ ಸಾಲೇ ಬಾಣದಂತೆ ಮುನ್ನುಗ್ಗಿ, ಚೆಂಡು ಕೈಗೆ ಬರುವಷ್ಟರಲ್ಲಿ ಮೈಮೇಲೆ ಬೀಳುತ್ತದೆ. ಆ ನುಗ್ಗುವ ಗೋಡೆಗೆ ಮೊದಲು ಎದೆ ಕೊಡುವ ಕೆಲಸವನ್ನು ಆಯ್ಕೆ ಸಮಿತಿ ಪಾವಗಡ ಕಡೆಯ ಹುಡುಗಿಯರಿಗೇ ವಹಿಸಿತ್ತು.

ಹೊಸ ಊರು ನನ್ನನ್ನೂ ಕೆಣಕದೆ ಬಿಡಲಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಯಜಮಾನರು, "ನೀವ್ ಯಾವ ಜನ?" ಎಂದರು. ಇಲ್ಲಿ ಜನವೆಂದರೆ ಜಾತಿ. "ಬಾಡಗಿ ಕಟ್ಟೋ ಮಂದಿ ರೀ" ಎಂದೆ. ಬಾಗಿಲು ಮುಚ್ಚಿತು. ನಮ್ಮ ಕಡೆ ಇದನ್ನೇ "ನಿಮ್ಮ ಅಡ್ಡಹೆಸರೇನ್ರೀ?" ಎಂದು ಸುತ್ತುಬಳಸಿ ಕೇಳುತ್ತಾರೆ. ಅದು ಸೌಜನ್ಯವೆಂದು ಇಷ್ಟು ದಿನ ನಂಬಿದ್ದೆವು. ಅಲ್ಲ, ಅನ್ಯಾಯಕ್ಕೆ ಹೊದಿಸಿದ ಶಾಲು ಅದು. ಕೊನೆಗೆ ಏನೂ ಕೇಳದ ಒಬ್ಬ ಟೈಲರಮ್ಮನ ಮಹಡಿಯಲ್ಲಿ ಕೋಣೆ ಸಿಕ್ಕಿತು. ಮೊದಲ ರಾತ್ರಿ ನಾನು ರೊಟ್ಟಿಯಂತೆ ಮುದ್ದೆಯನ್ನು ಅಗಿಯುವುದನ್ನು ಕಂಡು ಆಕೆ, "ಅಯ್ಯೋ, ಅಗೀಬಾರ್ದು ಕಣಮ್ಮ, ನುಂಗ್ಬೇಕು" ಎಂದು ತಾವೇ ನುಂಗಿ ತೋರಿಸಿದರು. ಮುದ್ದೆಯನ್ನು ಕಲಿತೆ. ಆದರೆ ಈ ಊರಿನಲ್ಲಿ ನುಂಗಬಾರದ ಸಂಗತಿಗಳೂ ಇದ್ದವು.

ಬಡವನಹಳ್ಳಿಯ ಬಯಲಿನಲ್ಲಿ ನಮ್ಮ ಅಭ್ಯಾಸ. ಹುಡುಗಿಯರೆಲ್ಲ ಖೋ-ಖೋ ಆಡಿ ಬೆಳೆದವರು. ಹೆಚ್ಚಿನವರು ಅಟ್ಟಿಸಿಕೊಂಡು ಹೋಗುವುದರಲ್ಲಿ ಹೆಸರಾದವರು. ಖೋ-ಖೋದಲ್ಲಿ ಅಟ್ಟುವವಳು ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬದಲಿಸುವಂತಿಲ್ಲ, ಬದಲಿಸಿದರೆ ಫೌಲ್. ಆ ನಿಯಮ ಇವರ ಕಾಲುಗಳಲ್ಲೇ ಇಳಿದಿತ್ತು. ಚೆಂಡು ಹಿಡಿದವಳು ಬಲಕ್ಕೆ ಹೊರಟರೆ ಬಲಕ್ಕೇ ಓಡುತ್ತಿದ್ದಳು, ಪಕ್ಕದಲ್ಲೇ ಎಡಗಡೆ ದಾರಿ ತೆರೆದಿದ್ದರೂ. ನುಗ್ಗಿ ಬರುವ ಸಾಲಿಗೆ ಇದಕ್ಕಿಂತ ಸುಲಭದ ಬೇಟೆ ಉಂಟೆ? ಅಂಜಿನಮ್ಮ ಮಾತ್ರ ತನ್ನ ಶಾಲೆಯಲ್ಲಿ ಅಟ್ಟುವವಳಾಗಿರಲಿಲ್ಲ. ಕುಳಿತವರ ನಡುವೆ ನುಸುಳಿ ತಪ್ಪಿಸಿಕೊಳ್ಳುವವಳಾಗಿದ್ದಳು. ಅವಳನ್ನೇ ಗೋಡೆಗೆ ಗುದ್ದಲು ನಿಲ್ಲಿಸಲಾಗಿತ್ತು.

ಭುಜ ವಾಸಿಯಾಗಿ ಬಂದ ದಿನ ಅವಳು ತನ್ನ ಜಾಗಕ್ಕೆ ಬರಲಿಲ್ಲ.

"ಯಾಕವಾ, ಅಲ್ಲ್ಯಾಕ ನಿಂತಿ? ಮುಂದ ಬಾ" ಎಂದೆ.

ನಾಯಕಿ ಭಾಗ್ಯ, ಮಧುಗಿರಿ ತಾಲೂಕಿನ ಪುರವರದವಳು, ತಕ್ಷಣ ನನ್ನ ದನಿಯನ್ನು ಅಣಕಿಸಿದಳು: "ಬಾರವಾ ಅಂಜೀ, ಮಿಸ್ಸು ಕರೀತಾವ್ರೆ!"

ಎಲ್ಲರೂ ನಕ್ಕರು. ಅಂಜಿನಮ್ಮ ನಗಲಿಲ್ಲ. ಅವಳ ಮನೆಮಾತು ತೆಲುಗು, ಸಿಟ್ಟು ಬಂದರೆ ಎರಡೂ ಬೆರೆಯುತ್ತವೆ. "ನಾನ್ ಬರಲ್ಲ ಮಿಸ್. ದಿನಾ ನಾನೇ ಎಂದುಕು ಗುದ್ದುಸ್ಕೋಬೇಕು? ಇವತ್ತು ಭಾಗ್ಯನ್ ಕಳ್ಸಿ."

"ಹೋಗೇ! ನನ್ ಮೂತಿ ಕೆಟ್ಟೋದ್ರೆ ಮದ್ವೆ ಯಾರಾಗ್ತಾರೆ?"

"ಈಗೇನ್ ಸಾಲಾಗ್ ನಿಂತವ್ರಾ?"

ಮತ್ತೆ ನಗು. ಆದರೆ ಆ "ಎಂದುಕು", ಅಂದರೆ "ಯಾಕೆ", ನನ್ನೊಳಗೆ ಉಳಿಯಿತು. ನಾನು ಕಲಿತ ಶಾಲೆಯಲ್ಲಿ ಮಕ್ಕಳ ಪ್ರಶ್ನೆಗೆ ಉತ್ತರ ಕೊಡದೆ ಪಾಠ ಮುಂದುವರಿಸುವಂತಿರಲಿಲ್ಲ. "ಹಂಗಾದ್ರ ಎಲ್ಲಿ ನಿಲ್ತಿ?" ಎಂದು ಕೇಳಿದೆ.

"ಹಿಂದೆ ನಿಂತ್ಕಂತೀನಿ. ಅವ್ರು ಓಡ್ಬರ್ಲಿ. ಮುಂದಕ್ ಬಂದೋಳ ಹಿಂದೆ ಜಾಗ ಖಾಲಿ ಆಗ್ತದೆ ಕದಾ?"

ಆಗುತ್ತದೆ. ಅದೇ ಇಡೀ ವಿಷಯ. ವೇಗವಾಗಿ ಮುನ್ನುಗ್ಗುವ ಸಾಲು ತನ್ನ ಬೆನ್ನನ್ನು ಕಾಯಲಾರದು. ಎಲ್ಲರಿಗಿಂತ ಮುಂದೆ ಬಂದವಳ ಬದಿಯಲ್ಲೇ ಬಿರುಕು ಬೀಳುತ್ತದೆ. ಅಂದಿನಿಂದ ನಾವು ಸಾಲನ್ನು ಹಿಂದಕ್ಕೆ ಸರಿಸಿ ನಿಂತೆವು. ಒಬ್ಬಳು ಚೆಂಡು ಸಿಗುವವಳಂತೆ ನಟಿಸಿ ಮುಂದಕ್ಕೆ ಓಡುತ್ತಾಳೆ, ಎದುರಾಳಿ ಅವಳ ಮೇಲೆ ಬೀಳುತ್ತಾಳೆ, ಚೆಂಡು ಹಂಚಲು ನಡುವೆ ನಿಂತ ಅಂಜಿನಮ್ಮ ಕೊನೆಯ ಗಳಿಗೆಯ ತನಕ ಕಾದು ಆ ನಟಿಸಿದವಳ ಬೆನ್ನ ಹಿಂದಿನಿಂದ ಚೆಂಡನ್ನು ಭಾಗ್ಯಳಿಗೆ ಎಸೆಯುತ್ತಾಳೆ. ಸಾಲು ಇನ್ನೂ ಆತುರಪಟ್ಟರೆ ಚೆಂಡನ್ನು ಕಾಲಿನಿಂದ ಅವರ ನಡುವೆಯೇ ಉರುಳಿಸಿ ಬೆನ್ನಟ್ಟುವುದು. ದಿಕ್ಕು ಬದಲಿಸಿದರೆ ಫೌಲ್ ಅಲ್ಲ ಎಂಬುದನ್ನು ಕಾಲುಗಳಿಗೆ ಮನವರಿಕೆ ಮಾಡಿಸಲು ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಅಂಜಿನಮ್ಮ "ಲೋಪಲ!" ಎಂದರೆ ಒಳಕ್ಕೆ, "ವೆನಕ!" ಎಂದರೆ ಹಿಂದಕ್ಕೆ. ಶಿರಾದ ಉರ್ದು ಮಾತಿನ ಹುಡುಗಿಯರಿಗೂ ಒಂದೇ ವಾರದಲ್ಲಿ ಅದು ಸಹಜವಾಯಿತು.

ಅದೇ ನಗರದ ತಂಡ ಅಭ್ಯಾಸ ಪಂದ್ಯಕ್ಕೆ ಮತ್ತೆ ಬಂತು, ಮತ್ತೆ ನುಗ್ಗಿತು. "ಲೋಪಲ!" ಎಂಬ ಕೂಗು ಕೇಳಿತು. ಅವರು ಹಿಡಿದಿದ್ದು ಬರಿಗೈಯವಳನ್ನು. ಭಾಗ್ಯ ಆ ಬಿರುಕಿನಲ್ಲಿ ನುಸುಳಿ ಯಾರೂ ಮುಟ್ಟದಂತೆ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದ್ದಳು. ನಾವು ಗೆದ್ದೆವು.

ಆಮೇಲೆ ಸಮಿತಿಯ ಅಧ್ಯಕ್ಷರು ನನ್ನನ್ನು ಕರೆದರು. "ಚೆಂದಾಗ್ ಆಡುದ್ರು ಮಿಸ್. ಆದ್ರೆ ಜಿಲ್ಲಾ ಪಂದ್ಯಕ್ಕೆ ದೊಡ್ಡೋರೆಲ್ಲ ಬರ್ತಾರೆ. ನಡುವೆ ನಿಂತು ಕೂಗೋಳ್ಗೆ ನೆಟ್ಟಗೆ ಕನ್ನಡ ಬರ್ಬೇಕು. ಅಂಜಿನಮ್ಮ ಮೊದ್ಲಿನಂಗೇ ಮುಂದ್ಗಡೆ ಗುದ್ಲಿ, ಗಟ್ಟಿ ಹುಡ್ಗಿ."

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಭಾಗ್ಯ ಅಂದಳು: "ಆಡೋರ್ಗೆ ಅರ್ಥ ಆಗ್ತದಲ್ಲ ಸಾರ್, ನೋಡೋರ್ಗೆ ಯಾಕೆ ಅರ್ಥ ಆಗ್ಬೇಕು? ಈ ಮಿಸ್ ಮಾತೂ ಮೊದ್ಲು ಯಾರ್ಗೂ ತಿಳೀತಿರ್ಲಿಲ್ಲ. ಕೋಚ್ ಮಾಡ್ಕೊಂಡಿಲ್ವಾ?"

ಅಧ್ಯಕ್ಷರು ಆದೇಶವನ್ನು ಬದಲಿಸಲಿಲ್ಲ. ಆ ಭುಜ ಇನ್ನೊಮ್ಮೆ ಜಾರಿದರೆ ಅಂಜಿನಮ್ಮ ಆಟವನ್ನೇ ಬಿಡಬೇಕಾದೀತೆಂದು ವೈದ್ಯರು ಹೇಳಿರುವುದು ಅವರಿಗೂ ಗೊತ್ತು.

ಮೊನ್ನೆ ಊರಿಗೆ ಫೋನ್ ಮಾಡಿದಾಗ ನನ್ನ ಬಾಯಿಂದ "ಬಂದ್ಬುಟ್ಟೆ" ಎಂದು ಹೊರಟಿತು. ಅವ್ವ ನಕ್ಕು, "ನಿನ್ನ ಮಾತು ಆ ಕಡೀದಾತಲ್ಲ" ಎಂದಳು. ಇಲ್ಲಿ ನಾನು ಆ ಕಡೆಯವಳು, ಅಲ್ಲಿ ಈ ಕಡೆಯವಳು. ಎರಡು ಊರುಗಳಿಗೂ ಅರ್ಧರ್ಧವಾಗಿ ಸೇರಿದವಳ ನೋವು ಸಣ್ಣದಲ್ಲ. ಆದರೆ ನನಗೆ ಸೀಟಿ ಸಿಕ್ಕಿದೆ, ಗೌರವ ಸಿಕ್ಕಿದೆ. ನನ್ನ ಒರಟು ಕನ್ನಡಕ್ಕೆ ದೊರೆತ ಕ್ಷಮೆ, ಇದೇ ನೆಲದಲ್ಲಿ ಹುಟ್ಟಿದವಳ ತೆಲುಗಿಗೆ ದೊರೆಯದಿದ್ದರೆ ಆ ಕ್ಷಮೆ ನನಗೆ ಬೇಡ.

ಆಯ್ಕೆ ಸಮಿತಿಯ ಸದಸ್ಯರೇ, ನಿಮ್ಮ ಆದೇಶವನ್ನು ಜಿಲ್ಲಾ ಪಂದ್ಯಕ್ಕೆ ಮೊದಲು ಹಿಂತೆಗೆದುಕೊಳ್ಳಿ. ಚೆಂಡು ಹಂಚುವ ಜಾಗದಲ್ಲಿ ಅಂಜಿನಮ್ಮನನ್ನೇ ನಿಲ್ಲಿಸಿ, ಅವಳು ಯಾವ ಭಾಷೆಯಲ್ಲಾದರೂ ಕೂಗಲಿ. ಮೊದಲ ಗುದ್ದಿನ ಸರದಿಯನ್ನು ನಾಲ್ಕೂ ತಾಲೂಕುಗಳ ಹುಡುಗಿಯರಿಗೆ ಸಮನಾಗಿ ಹಂಚಿ, ಅದನ್ನು ಎಲ್ಲರೆದುರು ಅಂಗಳದಲ್ಲೇ ಘೋಷಿಸಿ. ಘೋಷಿಸುವ ತನಕ ನಮ್ಮಲ್ಲಿ ಒಬ್ಬಳೂ ಗೆರೆ ದಾಟಿ ಒಳಗೆ ಕಾಲಿಡುವುದಿಲ್ಲ.